ಗದ್ದಲ ಇರುವ ಪ್ಲಾಟು ಬೇಕಾಗಿದೆ

ಘಟಪ್ರಭೆಯಿಂದ ಹತ್ತರಗಿಯವರೆಗೆ ಪ್ಲಾಟು ಮಾರುವ ಯಾವ ದಲಾಲಿಯ ಎದುರಿಗಾದರೂ ನಮ್ಮ ಕಾಕಾನ ಮಾತು ತೆಗೆದು ನೋಡಿ. ಅವನು ತಕ್ಷಣ ಫೋನು ಕಿವಿಗೆ ಹಿಡಿದು, ಯಾರೂ ಮಾಡದ ಕರೆಗೆ ಉತ್ತರ ಕೊಡುತ್ತ ಆ ಕಡೆ ನಡೆದುಬಿಡುತ್ತಾನೆ! ಹಾಗಂತ ಕಾಕಾ ಯಾರಿಗೂ ಮೋಸ ಮಾಡಿದವನಲ್ಲ, ಯಾರ ಕೊರಳಪಟ್ಟಿಯನ್ನೂ ಹಿಡಿದವನಲ್ಲ. ಅವನ ತಪ್ಪು ಒಂದೇ. ಲೋಕಕ್ಕೆಲ್ಲ ಶಾಂತವಾದ ಪ್ಲಾಟು ಬೇಕು, ಇವನಿಗೆ ಗದ್ದಲ ಇರುವ ಪ್ಲಾಟು ಬೇಕು. ಅದೂ ಎಂಥ ಗದ್ದಲ? ಸಂತೆಯದು ನಡೆಯುವುದಿಲ್ಲ, ಹೈವೇಯದು ನಡೆಯುವುದಿಲ್ಲ. ರೈಲಿನದೇ ಆಗಬೇಕು. ಮನೆಯೊಳಗೆ ಕೂತವರಿಗೆ ರೈಲು ಬಂದದ್ದು ಗೊತ್ತಾಗಬೇಕು. ಗೊತ್ತಾಗದಿದ್ದರೆ ಆ ಪ್ಲಾಟು ಪುಕ್ಕಟೆ ಕೊಟ್ಟರೂ ಬೇಡ!

ಈ ಹುಚ್ಚಿನ ಮೂಲ ಕಾಕೂ, ಅಂದರೆ ಕಾಕಾನ ಹೆಂಡತಿ. ಕಾಕೂನ ಅಪ್ಪ ಹಳಿಯ ಮೇಲೆ ನಡೆದು ಬೋಲ್ಟು ಬಿಗಿಯುವ ಗ್ಯಾಂಗ್‌ಮನ್. ಅವಳು ಹುಟ್ಟಿ ಬೆಳೆದದ್ದೆಲ್ಲ ಹಳಿಯ ಬದಿಯ ಒಂದು ಖೋಲಿಯ ಕ್ವಾರ್ಟರ್ಸಿನಲ್ಲಿ. ಆ ಮನೆಯಲ್ಲಿ ಗಡಿಯಾರವೇ ಇರಲಿಲ್ಲವಂತೆ. ಮುಂಜಾನೆಯ ಗಾಡಿಗೆ ಅಡುಗೆಮನೆಯ ಪಾತ್ರೆ ಭಾಂಡೆ ಗಲಗಲ ಅಂದವೆಂದರೆ ರೊಟ್ಟಿಯ ಹಿಟ್ಟು ನಾದಬೇಕು, ಗೂಡ್ಸ್ ಗಾಡಿಗೆ ಅಂದವೆಂದರೆ ಅಪ್ಪನ ಬುತ್ತಿ ಕಟ್ಟಬೇಕು. ಅಂಥವಳನ್ನು ತಂದು ರೈಲೇ ಇಲ್ಲದ ಹುಕ್ಕೇರಿಗೆ, ಕುರಿ ಸಾಕುವ ನಮ್ಮ ಮನೆಗೆ ಕೊಟ್ಟರು. ಮೊದಲ ವಾರವೆಲ್ಲ ಹುಡುಗಿ ಅಳುವುದೇ ಅಳುವುದು. ನಮ್ಮ ಅಜ್ಜಿ ತಲೆ ಸವರಿ, "ಅವ್ವ ನೆನಪಾದಳೇನ ಮಗಳ?" ಎಂದು ಕೇಳಿದರೆ, "ಅವ್ವ ಅಲ್ರಿ. ಇಲ್ಲಿ ಒಂದೂ ಗಾಡಿ ಬರಂಗಿಲ್ಲ, ಭಾಂಡೆ ಅಲ್ಲಾಡಂಗಿಲ್ಲ. ಹೊತ್ತ ಎಷ್ಟಾತು ಅನ್ನೂದ ತಿಳಿಯಂಗಿಲ್ಲ" ಎಂದು ಇನ್ನೂ ಜೋರಾಗಿ ಅತ್ತಳಂತೆ.

ಕಾಕಾ ಹೆದರಿ ಮರುದಿನವೇ ಒಂದು ಅಲಾರಂ ಗಡಿಯಾರ ತಂದುಕೊಟ್ಟ. ಅವಳು ಅದನ್ನು ಅರಿವೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟಳು. ಆಗ ಕಾಕಾ ಕೊಟ್ಟ ಮಾತು ನಮ್ಮ ಮನೆತನದಲ್ಲಿ ಇವತ್ತಿಗೂ ನಗೆಚಾಟಿಕೆಯ ವಸ್ತು: "ಒಂದ ದಿವಸ ಗಾಡಿ ಕೇಳೋ ಜಾಗಾದಾಗ ನಿನಗ ಮನಿ ಕಟ್ಟತೇನಿ!" ಆ ಒಂದು ದಿವಸ ಬರುವಷ್ಟರಲ್ಲಿ ತಂಗಿಯರ ಮದುವೆಯಾಯಿತು, ಮಕ್ಕಳ ಸಾಲಿಯಾಯಿತು, ಕುರಿ ಮುನ್ನೂರರಿಂದ ಮೂವತ್ತಕ್ಕೆ ಇಳಿದವು, ನಲವತ್ತು ವರ್ಷ ಕಳೆದವು. ಕಾಕಾ ಮರೆತಿದ್ದಾನೆಂದೇ ನಾವೆಲ್ಲ ತಿಳಿದಿದ್ದೆವು. ಆದರೆ ಅವನ ಮಗ ಘಟಪ್ರಭೆಯಲ್ಲಿ ಟ್ರ್ಯಾಕ್ಟರ್ ರಿಪೇರಿ ಅಂಗಡಿ ಹಾಕಿ, "ಅಪ್ಪಾ, ಆ ಕಡೆಗೇ ಒಂದ ಪ್ಲಾಟ ನೋಡು" ಎಂದದ್ದೇ ತಡ, ಕಾಕಾ ಕಂಬಳಿ ಹೆಗಲಿಗೆ ಹಾಕಿಕೊಂಡು ಎದ್ದೇಬಿಟ್ಟ. ಗೋಕಾಕದಲ್ಲಿ ಮಾಸ್ತರಿಕೆ ಮಾಡಿಕೊಂಡು ಸುಖವಾಗಿದ್ದ ನನ್ನ ಬಳಿ ಒಂದು ಬೈಕು ಇತ್ತು. ನನ್ನ ಪಾಪಕ್ಕೆ ಅಷ್ಟು ಸಾಕಾಯಿತು.

ಈಗ ನಮ್ಮ ಕಡೆಯ ಊರುಗಳು ಇದ್ದಲ್ಲಿ ಇರುತ್ತಿಲ್ಲ, ನಿಮಗೂ ಗೊತ್ತು. ಗೋಕಾಕ ಘಟಪ್ರಭೆಯ ಕಡೆ ಹೊರಟಿದೆ, ಘಟಪ್ರಭೆ ಗೋಕಾಕದ ಕಡೆ ಹೊರಟಿದೆ. ಕಬ್ಬು ಕಡಿದ ಮರುವಾರ ಆ ಹೊಲದಲ್ಲಿ ಬಿಳಿ ಕಲ್ಲು, ಕೆಂಪು ಮಣ್ಣಿನ ರಸ್ತೆ, ಎರಡು ಸಿಮೆಂಟಿನ ಆನೆ ನಿಂತ ಕಮಾನು. ಸುತ್ತ ಒಂದು ಮನೆಯೂ ಇಲ್ಲ, ಆದರೆ 'ಆರನೇ ಅಡ್ಡರಸ್ತೆ' ಎಂಬ ಬೋರ್ಡು ಇರುತ್ತದೆ. ಮೊದಲ ಐದು ಎಲ್ಲಿ ಎಂದು ಕೇಳಬಾರದು. ಎಲ್ಲ ಕರಪತ್ರಗಳಲ್ಲೂ ಒಂದು ರೈಲಿನ ಚಿತ್ರ, ಅದರ ಕೆಳಗೆ 'ಸ್ಟೇಷನ್ನಿನಿಂದ ಕೇವಲ ಐದು ನಿಮಿಷ'. ಇಷ್ಟಕ್ಕೂ ಗೋಕಾಕ ರೋಡ್ ಸ್ಟೇಷನ್ನು ಗೋಕಾಕದಲ್ಲಿಲ್ಲ. ಪಾಪ, ಅವರು ಹೆಸರಿನಲ್ಲೇ ಹೇಳಿದ್ದಾರೆ, ಅದು ಗೋಕಾಕದ ರೋಡು ಅಷ್ಟೇ!

ಮೊದಲು ಸಿಕ್ಕಿದವನು ಮೋಡದ ದಿನವೂ ಗಾಗಲ್ ಹಾಕುವ ಒಬ್ಬ ದಲಾಲಿ. ಕಾಕಾ ಅವನನ್ನು ಸ್ಟೇಷನ್ನಿನ ಎದುರಿಗೇ ನಿಲ್ಲಿಸಿ, "ಐದ ನಿಮಿಷ ಅಂದೀರಲ್ಲ, ಬರ್ರಿ, ನಡಕೋತ ಹೋಗೂನು" ಎಂದ. ದಲಾಲಿಯ ಕಾಲಲ್ಲಿ ಚೂಪು ಮೂತಿಯ ಬೂಟು, ಕಾಕಾನ ಕಾಲಲ್ಲಿ ನಲವತ್ತು ವರ್ಷ ಕುರಿಯ ಹಿಂದೆ ನಡೆದ ಚಪ್ಪಲಿ. ಒಂದು ತಾಸಾದ ಮೇಲೆ ಸಿಮೆಂಟಿನ ಆನೆಗಳು ಕಂಡವು. ದಲಾಲಿ ಕಲ್ಲಿನ ಮೇಲೆ ಕೂತು ಬೂಟು ಬಿಚ್ಚಿ, "ಐದ ನಿಮಿಷ ಅಂದ್ರ ಗಾಡ್ಯಾಗ್ರಿ ಅಜ್ಜಾರ" ಎಂದು ನರಳಿದ.

"ಯಾವ ಗಾಡ್ಯಾಗ?"

"ಆಂಬುಲೆನ್ಸಿನ್ಯಾಗ್ರಿ!"

ಅದಾದ ಮೇಲೂ ಕಾಕಾ ಸಮಾಧಾನದಿಂದಲೇ ಕೇಳಿದ: "ಹೋಗ್ಲಿ, ಇಲ್ಲಿ ರೈಲಿನ ಸಪ್ಪಳ ಕೇಳತೈತೇನ್ರಿ?" ದಲಾಲಿಗೆ ಮೈಮೇಲೆ ದೇವರು ಬಂದಂತಾಯಿತು. "ಏನ ಮಾತ್ರೀ ಇದು! ಸೂಜಿ ಬಿದ್ರೂ ಕೇಳಬೇಕು, ಅಷ್ಟ ಶಾಂತ ಐತ್ರಿ ಇಲ್ಲಿ!"

"ಸೂಜಿ ಕೇಳಿ ಏನ ಮಾಡ್ಲೆಪಾ?" ಎಂದು ಕಾಕಾ ಎದ್ದುಬಿಟ್ಟ.

ಹತ್ತರಗಿಯ ಹತ್ತಿರದ ಲೇಔಟಿಗೆ ಹೋದಾಗ ಕಾಕಾ ತನ್ನ ಹಿರಿಯ ಟಗರನ್ನೂ ಕರೆತಂದ. ದೂರದ ಸಪ್ಪಳ ಮನುಷ್ಯರಿಗಿಂತ ಮೊದಲು ಟಗರಿಗೆ ತಿಳಿಯುತ್ತದೆ ಎಂಬುದು ಅವನ ಸಿದ್ಧಾಂತ. ಅಲ್ಲಿ ಅವತ್ತು ಉದ್ಘಾಟನೆ, ಪೆಂಡಾಲು, ಕುರ್ಚಿ, ಮುಖ್ಯ ಅತಿಥಿಗಳು. ಟಗರಿಗೆ ಹೈವೇಯ ಲಾರಿಗಳ ಸಪ್ಪಳದಲ್ಲಿ ರೈಲು ಕೇಳಿಸಿತೋ ಇಲ್ಲವೋ, ಅತಿಥಿಗಳ ಹೂಮಾಲೆ ಮಾತ್ರ ಚೆನ್ನಾಗಿ ಕಾಣಿಸಿತು. ಮಾಲೆ ಮುಗಿಸಿ ಮೇಜಿನ ಮೇಲಿದ್ದ ಒಂದು ಕಟ್ಟು ಕರಪತ್ರಗಳನ್ನೂ ತಿಂದಿತು. ಮುಂದೆ ಎರಡು ದಿನ ಅದು ಮೇವು ಮುಟ್ಟಲಿಲ್ಲ. "ಹ್ಯಾಂಗ ಪಚನ ಆದೀತು? ಅದರಾಗ ಬರೇ ಸುಳ್ಳ ಐತಿ" ಎಂದು ಕಾಕಾ ಟಗರಿನ ಹೊಟ್ಟೆ ಸವರಿದ.

ಮೂಡಲಗಿಯಲ್ಲಿ ಇನ್ನೊಂದು ಪ್ರಸಂಗ. ಅಲ್ಲಿಯ ದಲಾಲಿ ಬಯಲಿನಲ್ಲಿ ಕೈಚಾಚಿ, ರೈಲು ಇಲ್ಲಿಂದ ಬರುತ್ತದೆ, ಅಲ್ಲಿ ನಿಲ್ಲುತ್ತದೆ, ನಿಮ್ಮ ಮನೆಯ ಬಾಗಿಲಲ್ಲೇ ಟಿಕೀಟು ಎಂದು ಗಾಳಿಯಲ್ಲೇ ಹಳಿ ಹಾಸಿಬಿಟ್ಟ. ಯಾವಾಗ ಎಂದರೆ, "ಸರ್ವೇ ಆಗೂದ ಒಂದ ಬಾಕಿ ಐತ್ರಿ!" ಎಂದ. ಕಾಕಾ ಕಂಬಳಿ ಹಾಸಿ ಅಲ್ಲೇ ಕೂತ. ಅರ್ಧ ತಾಸು, ಮುಕ್ಕಾಲು ತಾಸು. ದಲಾಲಿ ಗಾಬರಿಯಾಗಿ, "ಯಾಕ್ರಿ ಕುಂತ್ರಿ?" ಎಂದು ಕೇಳಿದ. "ನೀ ಹೇಳಿದ ಗಾಡಿ ಬರ್ಲಿ ಅಂತ. ಸ್ವಲ್ಪ ತಡ ಆಗಾಕತ್ತೈತಿ ಕಾಣತೈತಿ" ಎಂದ ಕಾಕಾ. ಆ ದಲಾಲಿಯೂ ಅಂದಿನಿಂದ ಫೋನು ಕಿವಿಗೆ ಹಿಡಿಯುವವರ ಸಂಘಕ್ಕೆ ಸೇರಿದ.

ನಡುನಡುವೆ ಹುಕ್ಕೇರಿಯ ಮನೆಗೆ ಹೋದರೆ ಅಲ್ಲಿ ಕಾಕೂನದು ಬೇರೆ ದರಬಾರು. ನನಗೆ ಚಹಾ ಬೇಡ ಎಂದರೆ ಚಹಾ ಬರುತ್ತದೆ. ಸಕ್ಕರೆ ಕಡಿಮೆ ಎಂದರೆ ಇನ್ನೆರಡು ಚಮಚ ಬೀಳುತ್ತದೆ. ಹೆಂಡತಿ ತವರಿಗೆ ಹೋಗಿದ್ದಾಳೆ ಎಂದು ಮೂರು ಸಲ ಹೇಳಿದ ಮೇಲೂ, "ಆಕೀನ್ನ ಯಾಕ ಮನ್ಯಾಗ ಬಿಟ್ಟ ಬಂದಿ?" ಎಂದು ನನ್ನನ್ನೇ ಗದರಿಸುತ್ತಾಳೆ. ಮಾತಾಡುವುದೊಂದೇ ತನ್ನ ಕೆಲಸ, ಕೇಳುವುದು ಉಳಿದವರದು ಎಂದು ತಿಳಿದಿರುವ ಹೆಂಗಸು ಎಂದು ನಾನು ಸ್ಟಾಫ್ ರೂಮಿನಲ್ಲಿ ವರ್ಣಿಸಿ ಎಲ್ಲರನ್ನೂ ನಗಿಸಿದ್ದೇನೆ.

ಹೋದ ವರ್ಷ ಕಾಕಾನ ಹುಚ್ಚು ಎರಡನೇ ಹಂತಕ್ಕೆ ಏರಿತು. ಕಿವಿಗೊಟ್ಟು ಕೇಳುವುದನ್ನು ಪೂರ್ತಿ ಬಿಟ್ಟುಬಿಟ್ಟ! ಅದರ ಬದಲು ಚೀಲದಿಂದ ಒಂದು ತಾಟು ತೆಗೆದು ನೆಲದ ಮೇಲೆ ಬೋರಲು ಹಾಕಿ, ಅದರ ಮೇಲೆ ಕಂಠಮಟ್ಟ ನೀರು ತುಂಬಿದ ತಂಬಿಗೆ ಇಟ್ಟು, ನೀರನ್ನೇ ನೋಡುತ್ತ ಕುಕ್ಕರಗಾಲಲ್ಲಿ ಕೂರತೊಡಗಿದ. ದಲಾಲಿಗಳು ಇದು ಬೋರ್‌ವೆಲ್ಲಿನ ಪರೀಕ್ಷೆ ಎಂದು ತಿಳಿದು ಗೌರವದಿಂದ ದೂರ ನಿಲ್ಲುತ್ತಿದ್ದರು. ಒಂದು ದಿನ ಲೇಔಟೊಂದರಲ್ಲಿ ಗಾಡಿ ಹೋದದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಎಂಜಿನ್ನು ಕೂಗಿದ್ದೂ ಕೇಳಿಸಿತು. ಕೊನೆಗೂ ಈ ತಿರುಗಾಟ ಮುಗಿಯಿತೆಂದು ನಾನು ಖುಷಿಯಾದರೆ ಕಾಕಾ ತಂಬಿಗೆ ಎತ್ತಿ ನೀರು ಚೆಲ್ಲಿದ.

"ಇಲ್ಲಿ ಆಗೂದಿಲ್ಲ. ನೀರ ಅಲ್ಲಾಡಲಿಲ್ಲ."

"ಕಾಕಾ, ಖರೆ ಹೇಳು, ನಿನಗ ಕಿವಿ ಇಲ್ಲೇನು? ಅಷ್ಟ ದೊಡ್ಡ ಸಪ್ಪಳ ಬಂತಲ್ಲೋ!"

"ಕಿವಿ ಮ್ಯಾಲ ಭರವಸೆ ಇಡಬಾರದು ತಮ್ಮಾ" ಎಂದಷ್ಟೇ ಹೇಳಿ ಬೈಕು ಹತ್ತಿದ. ನಾನು ಸಿಟ್ಟಿನಿಂದ ಮನೆಯವರೆಗೂ ಎಲ್ಲ ಗುಂಡಿಗಳಲ್ಲೂ ಬೈಕು ಇಳಿಸಿದೆ.

ಅಂಕಲಗಿಯ ಕಡೆಯ ಒಂದು ಪ್ಲಾಟಿನಲ್ಲಿ ಮಾತ್ರ ತಂಬಿಗೆಯ ನೀರು ತುಳುಕಿಯೇ ತುಳುಕಿತು. ಕಾಕಾ ಎದ್ದು ಕುಣಿಯುವುದೊಂದು ಬಾಕಿ. ಇಲ್ಲಿ ಎಲ್ಲಿಯ ರೈಲು ಮಾರಾಯ ಎಂದು ನಾನು ತಲೆ ಕೆರೆದುಕೊಳ್ಳುತ್ತಿರುವಾಗ ಬೇವಿನ ಮರದ ಹಿಂದಿನಿಂದ ರೋಡ್ ರೋಲರು ಬಂತು. ಡ್ರೈವರು ಕೈ ಬೀಸಿದ. ಕಾಕಾ ಬೀಸಲಿಲ್ಲ.

ಕಡೆಗೆ ಪ್ಲಾಟು ಸಿಕ್ಕಿದ್ದು ಅದೇ ಗಾಗಲ್ ದಲಾಲಿಯ ಹತ್ತಿರ, ಘಟಪ್ರಭೆಯ ಹೊರವಲಯದಲ್ಲಿ. ಲೇಔಟಿನ ಎಲ್ಲ ಪ್ಲಾಟೂ ಹೋಗಿ ಕೊನೆಯಲ್ಲಿ ಸಮೋಸದ ಆಕಾರದ ಒಂದು ತುಂಡು ಉಳಿದಿತ್ತು. ಹಿಂದೆ ತಂತಿ ಬೇಲಿ, ಬೇಲಿಯ ಆಚೆ ಒಂದಿಷ್ಟು ಜಾಲಿ, ಜಾಲಿಯ ಆಚೆ ಹಳಿ. ಕಾಕಾ ತಂಬಿಗೆ ಇಟ್ಟು ಕೂತ. ದಲಾಲಿ ರೂಢಿಯಂತೆ ಶುರು ಮಾಡಿದ: "ಹಳಿ ಇದ್ರ ಏನಾತ್ರಿ? ಇಲ್ಲಿ ಗಾಡಿ ಬಂದದ್ದ ತಿಳಿಯಂಗಿಲ್ರಿ. ನಮ್ಮವ್ವನ ಆಣಿ ಮಾಡಿ..." ಆಣೆ ಪೂರ್ತಿಯಾಗುವಷ್ಟರಲ್ಲಿ ಗೂಡ್ಸ್ ಗಾಡಿ ಬಂತು. ದಲಾಲಿಯ ಬಾಯಿ ಆಡುತ್ತಲೇ ಇತ್ತು, ಮಾತು ಮಾತ್ರ ಒಂದೂ ಕೇಳಿಸಲಿಲ್ಲ. ನೆಲ ನಡುಗಿತು, ತಾಟು ಗಲಗಲ ಎಂದಿತು, ತಂಬಿಗೆ ಉರುಳಿ ಅವನ ಚೂಪು ಬೂಟಿನ ಮೇಲೆ ನೀರು ಚೆಲ್ಲಿತು. ಇನ್ನು ಈ ಮುದುಕ ಹೊಡೆಯುತ್ತಾನೆ ಎಂದು ಅವನು ಎರಡು ಹೆಜ್ಜೆ ಹಿಂದೆ ಸರಿದರೆ, ಕಾಕಾ ಓಡಿಹೋಗಿ ಅವನನ್ನು ತಬ್ಬಿಕೊಂಡ! ಗಾಗಲ್ ಮೊದಲ ಸಲ ಕಣ್ಣಿನಿಂದ ಜಾರಿತು.

ಮನೆ ಕಟ್ಟುವಾಗಲೂ ಹುಚ್ಚು ಇಳಿಯಲಿಲ್ಲ. ಅಡುಗೆಮನೆ ಹಳಿಯ ಕಡೆಗೇ ಇರಬೇಕು, ಭಾಂಡೆಯ ಹಲಗೆ ಅದೇ ಗೋಡೆಗೆ ಬರಬೇಕು. ಬಡಿಗ ಹಲಗೆಗೆ ಮೊಳೆ ಹೊಡೆಯುತ್ತಿದ್ದರೆ ಕಾಕಾ ಅವನ ಬೆನ್ನ ಹಿಂದೆಯೇ ನಿಂತಿದ್ದ. "ಅಷ್ಟ ಗಟ್ಟಿ ಹೊಡೀಬ್ಯಾಡೋ, ಸ್ವಲ್ಪ ಸಡ್ಲ ಇರ್ಲಿ." ಮೂವತ್ತು ವರ್ಷದ ಕಸುಬಿನಲ್ಲಿ ಬಡಿಗ ಇಂಥ ಅವಮಾನ ಕಂಡಿರಲಿಲ್ಲವಂತೆ. ಸುತ್ತಿಗೆ ಕೆಳಗಿಟ್ಟು ನನ್ನ ಕಡೆ ತಿರುಗಿ, "ಮಾಸ್ತರ, ಇವ್ರನ್ನ ಡಾಕ್ಟರಿಗೆ ತೋರಿಸೀರೇನ್ರಿ?" ಎಂದ. ನಾನು ನಕ್ಕು ಹಣೆ ಚಚ್ಚಿಕೊಂಡೆ.

ಗೃಹಪ್ರವೇಶದ ದಿನ ಹೋಳಿಗೆ ಊಟವಾಯಿತು. ಮಧ್ಯಾಹ್ನ ಮಂದಿಯೆಲ್ಲ ಹೊರಗೆ ಪೆಂಡಾಲಿನಲ್ಲಿ ಎಲೆ ಅಡಿಕೆ ಹಾಕುತ್ತಿದ್ದರು. ನಾನು ನೀರಿಗೆಂದು ಅಡುಗೆಮನೆಗೆ ಹೋದೆ. ಕಾಕೂ ತೊಳೆದ ಭಾಂಡೆಗಳನ್ನು ಒರೆಸುತ್ತ, ಯಾರೋ ತನ್ನ ಚಲೋ ಸೌಟು ಕದ್ದಿದ್ದಾರೆಂದು ಬೈಯುತ್ತಿದ್ದಳು. ಕಾಕಾ ಬಾಗಿಲಲ್ಲಿ ನಿಂತಿದ್ದ. ಅಷ್ಟರಲ್ಲಿ ಎಂಜಿನ್ನು ಕೂಗಿತು. ಎಷ್ಟು ಹತ್ತಿರದ ಕೂಗೆಂದರೆ ಹೊರಗೆ ಮಂದಿಯ ಮಾತು ನಿಂತುಹೋಯಿತು.

ಕಾಕೂನ ಮಾತು ನಿಲ್ಲಲಿಲ್ಲ. ಅವಳು ತಲೆಯನ್ನೂ ಎತ್ತಲಿಲ್ಲ. ಸೌಟಿನ ಕಳ್ಳನನ್ನು ಅದೇ ದನಿಯಲ್ಲಿ ಬೈಯುತ್ತಲೇ ಇದ್ದಳು. ಎಂಜಿನ್ನು ಇನ್ನೊಂದು ಸಲ ಕೂಗಿತು. ಬೇಡವೆಂದರೂ ಬರುತ್ತಿದ್ದ ಚಹಾ, ಎರಡು ಚಮಚ ಸಕ್ಕರೆ, ಮೂರು ಸಲ ಹೇಳಿದರೂ ತಿಳಿಯದ ಸುದ್ದಿ, ನಾನು ಸ್ಟಾಫ್ ರೂಮಿನಲ್ಲಿ ಮಾಡಿದ ಜೋಕು, ಎಲ್ಲ ಒಮ್ಮೆಲೇ ನೆನಪಾದವು. ನಾಚಿಕೆಯಿಂದ ಕಾಕಾನ ಕಡೆ ನೋಡಿದೆ. ಅವನು ಕಾಕೂನನ್ನು ನೋಡುತ್ತಿರಲಿಲ್ಲ. ಹಲಗೆಯನ್ನು ನೋಡುತ್ತಿದ್ದ.

ಮೊದಲು ಒಂದು ಬಟ್ಟಲು ಅಲ್ಲಾಡಿತು. ಆಮೇಲೆ ಪಕ್ಕದ ಡಬ್ಬಿ. ಆಮೇಲೆ ಆ ಸಡಿಲ ಹಲಗೆಯ ಮೇಲಿನ ಭಾಂಡೆಗಳೆಲ್ಲ ಒಟ್ಟಿಗೆ ಕುಣಿಯತೊಡಗಿದವು. ಕಾಕೂ ತಟ್ಟನೆ ಸುಮ್ಮನಾದಳು. ಒದ್ದೆ ಕೈ ಎತ್ತಿ ಅಂಗೈಯನ್ನು ಹಲಗೆಗೆ ಒತ್ತಿ ಹಿಡಿದು ಹಾಗೇ ನಿಂತಳು. ಗಾಡಿ ಪೂರ್ತಿ ದಾಟುವವರೆಗೆ ನಿಂತಳು.

"ಪ್ಯಾಸೆಂಜರ್" ಎಂದಳು ಆಮೇಲೆ. "ಗಾಡಿಗೆ ಭಾಳ ಡಬ್ಬಿ ಇಲ್ಲ."

ಕಾಕಾ ನನ್ನ ಹತ್ತಿರ ಬಂದು ದನಿ ತಗ್ಗಿಸಿದ. ತಗ್ಗಿಸುವ ಅಗತ್ಯವೇನೂ ಇರಲಿಲ್ಲ. "ಹೋದ ವರ್ಷ ಬೆಳಗಾವಿ ಡಾಕ್ಟರ್ ಹೇಳಿದ್ರು, ನಿಮ್ಮ ಕಾಕೂನ ಎರಡೂ ಕಿವಿ ಹೋಗಾಕತ್ತಾವ, ಮಶೀನ ಹಾಕಿದ್ರೂ ಉಪಯೋಗ ಇಲ್ಲಂತ. ಯಾರಿಗೂ ಹೇಳಬ್ಯಾಡ ಅಂತ ಆಣಿ ಹಾಕ್ಯಾಳ. ನಾ ಭಾಳ ತಡಾ ಮಾಡಿದ್ನೋ ತಮ್ಮಾ." ಆ ತಂಬಿಗೆಯನ್ನು ನೋಡಿ ನಾನು ಎಷ್ಟು ನಕ್ಕಿದ್ದೆ!

ಕಾಕೂ ಹಲಗೆಯ ಮೇಲಿನ ಕೈ ತೆಗೆಯದೆಯೇ ಗಂಡನ ಕಡೆ ತಿರುಗಿದಳು. ಕಣ್ಣಲ್ಲಿ ನೀರಿತ್ತು, ದನಿಯಲ್ಲಿ ಜಗಳವಿತ್ತು.

"ಎಲ್ಲಿ ಹೋಗಿದ್ರಿ ಇಷ್ಟ ವರ್ಷ?"

ಕಾಕಾ ಅವಳೆದುರು ಹೋಗಿ ನಿಂತು, ತುಟಿ ಕಾಣುವಂತೆ ನಿಧಾನವಾಗಿ ಹೇಳಿದ: "ಪ್ಲಾಟ ನೋಡಾಕ."