ಸ್ವಲ್ಪ ಗಾಳಿ

ನಡುರಾತ್ರಿ ಗಾಳಿಗೆ ಕಿಟಕಿಯ ಚಿಲಕ ‘ಟಿಕ್’ ಎಂದಿತು. ಬಂದರು ಕಚೇರಿಯ ರೇಡಿಯೊದಲ್ಲಿ ಹವಾಮಾನ ಓದುವವನು ಎದ್ದು ಕುಳಿತ. ಮತ್ತೆ ‘ಟಿಕ್’. ಆಮೇಲೆ ನಿದ್ದೆ ಬರಲಿಲ್ಲ.

ಹಿಂದೊಮ್ಮೆ ಅವನು ‘ಬಿರುಗಾಳಿ’ ಎಂದು ಓದಿದ್ದ. ಅದನ್ನು ನಂಬಿ ಒಂದು ದೋಣಿಯೂ ದಡಕ್ಕೆ ಮರಳಲಿಲ್ಲ, ಅವತ್ತು ಒಂದು ಎಲೆಯೂ ಅಲುಗಲಿಲ್ಲ. ಆ ಹೆಸರು ಮಾತ್ರ ಅವನಿಗೇ ಅಂಟಿಕೊಂಡಿತು. “ಇನ್ನೊಂದ್ಸಲ ತಪ್ಪಿದ್ರೆ ಗಸ್ತು ದೋಣಿಗೆ ಹಾಕ್ತೀನಿ” ಎಂದಿದ್ದರು ಸಾಹೇಬರು. ಬಕೆಟ್ಟಿನ ನೀರು ತುಳುಕಿದರೂ ಅವನಿಗೆ ತಲೆ ಸುತ್ತುತ್ತಿತ್ತು.

ಬೆಳಿಗ್ಗೆ ಹೆಂಡತಿ ಬಾಗಿಲವರೆಗೂ ಬಂದಳು. “ನನ್ನ ತಮ್ಮ ಆಗಲೇ ದೋಣಿ ಬಿಟ್ಟಿದಾನೆ. ಸರಿಯಾಗಿ ಓದ್ರಿ.”

ಜಗಲಿಯಲ್ಲಿ ಮಾವ ಕುಳಿತಿದ್ದರು. ನಿವೃತ್ತ ಕಪ್ತಾನರು, ಎಡಗೈಯಲ್ಲಿ ಎರಡು ಬೆರಳಿಲ್ಲ. ಹೇಗೆ ಹೋಯಿತೆಂದು ಕೇಳಿದವರಿಗೆಲ್ಲ ಒಂದೇ ಉತ್ತರ: “ಆವತ್ತು ಸ್ವಲ್ಪ ಗಾಳಿ ಇತ್ತು.”

ಕಚೇರಿಯಲ್ಲಿ ಗಾಳಿಮಾಪಕದ ಮುಳ್ಳು ಏರುತ್ತಲೇ ಇತ್ತು.

“ಏನ್ ಬಿರುಗಾಳಿಯವರೇ, ಕಾಗದಕ್ಕೆ ಕಲ್ಲು ಇಡಬೇಕಾ?” ಎಂದಳು ಟೈಪಿಸ್ಟ್.

“ಜೋರು ಗಾಳಿ ಅನ್ನಿ. ಜೋರು ಅಂದ್ರೆ ಎಷ್ಟು ಅಂತ ಯಾರು ಅಳೀತಾರೆ?” ಎಂದ ಗುಮಾಸ್ತ.

“ಬೀಸಿದ್ರೂ ಬೀಸಬಹುದು, ಬೀಸದೇನೂ ಇರಬಹುದು ಅನ್ನಿ ಸಾರ್” ಎಂದ ಜವಾನ. “ಎರಡೂ ದಡದಲ್ಲಿ ಕಾಲು.”

ಸಾಹೇಬರು ಬಾಗಿಲಲ್ಲಿ ನಿಂತು ಕನ್ನಡಕ ಒರೆಸುತ್ತಿದ್ದರು.

ಅವನು ಮೈಕು ಹಚ್ಚಿದ. ‘ಬಿರುಗಾಳಿ’ ಗಂಟಲವರೆಗೂ ಬಂತು, ಸಾಹೇಬರನ್ನು ಕಂಡು ಸಾಲ ಕೊಟ್ಟವನನ್ನು ಕಂಡವರಂತೆ ಹಿಂದಿರುಗಿತು. “ಹೊರಗಡಲಲ್ಲಿ... ಸ್ವಲ್ಪ ಗಾಳಿ ಇರಬಹುದು” ಎಂದುಬಿಟ್ಟ. ಮೈಕು ಆರಿಸಿದಾಗ ಕಣ್ಣ ಮುಂದೆ ಬಾಮೈದನ ಮುಖ.

ಮಧ್ಯಾಹ್ನ ಆಕಾಶ ಕಪ್ಪಿಟ್ಟಿತು. ಉಗ್ರಾಣದ ತಗಡು ಇಸ್ಪೀಟೆಲೆಯಂತೆ ಹಾರಿತು. ಅವನು ತಪ್ಪೊಪ್ಪಿಕೊಳ್ಳಲೆಂದೇ ದೋಣಿ ನಿಲ್ಲುವ ಕಟ್ಟೆಗೆ ಓಡಿದ.

ಅಲ್ಲಿ ದೋಣಿಗಳೆಲ್ಲ ಕೊಟ್ಟಿಗೆಯ ದನಗಳಂತೆ ಒತ್ತಿಕೊಂಡು ನಿಂತಿದ್ದವು.

“ಭಾವ!” ತೊಯ್ದು ತೊಪ್ಪೆಯಾದ ಬಾಮೈದ ಅವನನ್ನು ತಬ್ಬಿಕೊಂಡ. “ನೀವು ಆ ಮಾತಂದಿದ್ದೇ ತಡ, ಬಲೆ ಕತ್ತರಿಸಿ ಬಂದ್ವಿ!”

“ಯಾವ ಮಾತು?”

“ಕಡಲಿನೋರು ದೊಡ್ಡ ಗಾಳಿಗೆ ದೊಡ್ಡ ಹೆಸರಿಡಲ್ಲ, ಅಳಿಯಂದಿರೇ” ಎಂದರು ಮಗನನ್ನು ಹುಡುಕಿಕೊಂಡು ಬಂದಿದ್ದ ಮಾವ. “ಬಿರುಗಾಳಿ ಅಂದ್ರೆ ಆಫೀಸಿನೋರು ಪುಸ್ತಕ ಓದ್ತಿದಾರೆ ಅಂತ. ಸ್ವಲ್ಪ ಗಾಳಿ ಅಂದ್ರೆ ಜೀವ ಕೈಯಲ್ಲಿ ಹಿಡ್ಕೊಂಡು ಓಡು ಅಂತ. ನಿಮಗೆ ಯಾರು ಹೇಳ್ಕೊಟ್ರು?”

ಅವನು ಮಾವನ ಇಲ್ಲದ ಬೆರಳುಗಳನ್ನೇ ನೋಡಿದ.

ಹಿಂದೆಯೇ ಬಂದ ಸಾಹೇಬರು ಬೆನ್ನು ತಟ್ಟಿದರು. “ಕಡಲ ಭಾಷೆ ಬಲ್ಲೋರು ಕುರ್ಚೀಲಿ ಕೊಳೀಬಾರ್ದು! ನಾಳೆಯಿಂದ ನೀವು ಗಸ್ತು ದೋಣೀಲಿ. ಬಡ್ತಿ ಅಂತಾನೇ ತಿಳ್ಕೊಳ್ಳಿ.”

ತಪ್ಪಿದ್ದರೆ ಶಿಕ್ಷೆಯಾಗಿ ದೋಣಿ, ತಪ್ಪದಿದ್ದರೆ ಬಹುಮಾನವಾಗಿ ಅದೇ ದೋಣಿ.

ರಾತ್ರಿ ಹೆಂಡತಿ ಅವನ ಪಕ್ಕ ಬಂದು ಕುಳಿತಳು. “ನೀವಿಲ್ದಿದ್ರೆ ನನ್ನ ತಮ್ಮ...” ಎಂದು ಕಣ್ಣೊರೆಸಿಕೊಂಡಳು. ಮದುವೆಯಾದಾಗಿನಿಂದ ಅವಳು ಅವನನ್ನು ಹಾಗೆ ನೋಡಿರಲಿಲ್ಲ. ಆ ಮಾತು ಹುಟ್ಟಿದ್ದು ಬುದ್ಧಿಯಿಂದಲ್ಲ, ಪುಕ್ಕಲುತನದಿಂದ ಎಂದು ಹೇಳಬೇಕಿತ್ತು. ಬಾಯಿ ತೆರೆದ.

“ಏನ್ರೀ?”

“ಏನಿಲ್ಲ. ಸ್ವಲ್ಪ ತಲೆ ಸುತ್ತು.”

ಈ ಗುಟ್ಟು ತನ್ನ ಜೊತೆಗೇ ಕಡಲಿಗೆ ಹೋಗಲಿ, ಇನ್ಯಾರಿಗೂ ತಿಳಿಯುವುದು ಬೇಡ ಎಂದುಕೊಂಡು ಅವನು ಬಾಯಿ ಮುಚ್ಚಿದ.