ಹೆಬ್ಬೆರಳ ಸಂದಿನ ನರ

ಕಾಲಿನ ಹೆಬ್ಬೆರಳಿಗೂ ಅದರ ಪಕ್ಕದ ಬೆರಳಿಗೂ ನಡುವಿನ ಸಂದನ್ನು ಯಾರೂ ಮಾತನಾಡಿಸುವುದಿಲ್ಲ. ಕವಿಗಳು ಪಾದವನ್ನು ಹೊಗಳಿ ಮುಂದೆ ಹೋಗುತ್ತಾರೆ. ನಾವು ಅಲ್ಲಿಗೆ ಚಪ್ಪಲಿಯ ಉಂಗುಟ ತುರುಕಿ ಮರೆಯುತ್ತೇವೆ. ಬೊಟ್ಟಿನಗಲದ ಆ ಜಾಗಕ್ಕೆ ಒಂದು ನರವೇ ಬೇರೆ ಇದೆಯೆಂದು ನನಗೆ ತಿಳಿದದ್ದು ಅದು ಮುಷ್ಕರ ಹೂಡಿದ ಮೇಲೆ. ಒಂದು ಬೆಳಿಗ್ಗೆ ಸ್ನಾನ ಮಾಡಿ ಕಾಲು ಒರೆಸುತ್ತಿದ್ದೆ. ಬಲಗಾಲಿನ ಆ ಸಂದು ಮುಟ್ಟಿದರೆ ಪಕ್ಕದ ಮನೆಯವರ ಕಾಲು ಮುಟ್ಟಿದಂತಾಯಿತು. ಚಿವುಟಿದೆ. ಊಹೂಂ.

"ಸಕ್ಕರಿ ಕಾಯಿಲಿ ಬಂದೈತಿ, ಮತ್ತೇನಿಲ್ಲ," ಎಂದಳು ಹೆಂಡತಿ. ಅಂದೇ ನನ್ನ ಚಹದ ಸಕ್ಕರೆ ಹೋಯಿತು. ಯುಗಾದಿ ಬರುವುದರಲ್ಲಿತ್ತು. ಖರೆ ಹೇಳಬೇಕೆಂದರೆ ನನಗೆ ಅಂಜಿಕೆಯಾದದ್ದು ಕಾಲಿನ ಬಗ್ಗೆ ಅಲ್ಲ, ಹೋಳಿಗೆಯ ಬಗ್ಗೆ. ತುಪ್ಪ ಸುರಿದ ಹೋಳಿಗೆ ಇಲ್ಲದ ಮುಪ್ಪನ್ನು ನೆನೆದು, ಮನೆಯಲ್ಲೇ ನಡೆಯುವ ನಮ್ಮ ಸೀರೆ ಮಗ್ಗಗಳ ಸದ್ದಿನಲ್ಲಿ ಯಾರಿಗೂ ಕೇಳದಂತೆ ನಿಟ್ಟುಸಿರು ಬಿಟ್ಟೆ.

ಕಡೆಗೆ ಬನಹಟ್ಟಿಯಲ್ಲಿ ಬಸ್ಸು ಹತ್ತಿ ಜಮಖಂಡಿಯ ಡಾಕ್ಟರರ ಬಳಿ ಹೋದೆವು. ಅವರು ರಕ್ತ ನೋಡಿದರು, ಸಂದಿನಲ್ಲಿ ಹತ್ತಿ ಆಡಿಸಿದರು, ಆಮೇಲೆ ನನ್ನ ಬೂಟು ನೋಡಿದರು. ಚಿಮ್ಮಡ ರಸ್ತೆಯ ವಾಕಿಂಗಿಗೆಂದು ಹೊಸದಾಗಿ ಕೊಂಡದ್ದು.

"ಸಕ್ಕರಿ ಬರೋಬ್ಬರಿ ಐತ್ರಿ. ಒಂದು ನರ ಪಾದದ ಮ್ಯಾಲಿಂದ ಇಳದು ಈ ಸಂದಿಗೇ ಬರ್ತೈತಿ. ಇಲ್ಲಿನ ಸುದ್ದಿ ಮಿದುಳಿಗೆ ಮುಟ್ಟಸೂದು ಅದರ ಕೆಲಸ. ನೀವು ಬೂಟಿನ ದಾರ ಬಿಗದು ಅದನ್ನ ಒತ್ತಿಟ್ಟೀರಿ. ಇಷ್ಟ್ಯಾಕ ಬಿಗಿತೀರಿ?"

"ಮಗ್ಗದವರ ಮನ್ಯಾಗ ಹುಟ್ಟೇನ್ರೀ. ಸಡ್ಲ ದಾರ ಕಂಡ್ರ ಕೈ ಸುಮ್ಮನಿರಂಗಿಲ್ರಿ," ಎಂದೆ.

ಮಗ್ಗದ ಉದ್ದಕ್ಕೂ ಬಿಗಿದ ಹಾಸಿನ ಎಳೆ ಜೋಲು ಬಿದ್ದರೆ ಸೀರೆ ಕೆಟ್ಟಿತೆಂದು ಅಪ್ಪ ಬೈದು ಕಲಿಸಿದ ವಿದ್ಯೆ ಅದು. ಬೂಟಿಗೆ ಅದು ಬೇಕಿಲ್ಲವೆಂದು ಯಾರೂ ಹೇಳಿರಲಿಲ್ಲ.

ಅಂದಿನಿಂದ ದಾರ ಸಡಿಲಿಸಿ ನಡೆದೆ. ಯುಗಾದಿಯೂ ಬಂತು. ನೆಲಕ್ಕೆ ಕುಳಿತು ಎರಡನೆಯ ಹೋಳಿಗೆ ಮುರಿಯುತ್ತಿದ್ದಾಗ, ಉದುರಿದ ಹೂರಣಕ್ಕೆ ಬಂದ ಇರುವೆಯೊಂದು ಸರಿಯಾಗಿ ಅದೇ ಸಂದಿನಲ್ಲಿ ಕಚ್ಚಿತು. "ಕಡೀತು! ಕಡೀತು!" ಎಂದು ಎದ್ದು ಕುಣಿದೆ. ಚೇಳಿರಬೇಕೆಂದು ಹೆಂಡತಿ ಒಲೆ ಬಿಟ್ಟು ಓಡಿ ಬಂದಳು.

"ಇರುವಿ ಲೇ, ಇರುವಿ! ಖರೇನ ಉರಿಯಾಕತ್ತೈತಿ!"

"ಇರುವಿ ಕಡದದ್ದಕ್ಕ ಇಷ್ಟು ಖುಷಿ ಪಡಾವ್ರನ್ನ ನಿಮ್ಮೊಬ್ರನ್ನ ನೋಡಿದ್ನಿ ನೋಡ್ರಿ," ಎಂದು ಅವಳೂ ನಕ್ಕಳು.

ನನಗೆ ಸಂತೋಷದಿಂದ ಕಣ್ಣು ತುಂಬಿತು. ಅಷ್ಟು ದೂರದ ಸಂದಿನಿಂದ ಸುದ್ದಿ ಬಂದು ಮುಟ್ಟಿತ್ತು! ಆ ಇರುವೆಯನ್ನು ಬೆರಳ ಮೇಲೆ ಹತ್ತಿಸಿಕೊಂಡು, ಬೆಲ್ಲದ ಚೂರಿನ ಜೊತೆಗೆ ಅಂಗಳಕ್ಕೆ ಬಿಟ್ಟು ಬಂದು ಮತ್ತೆ ಕುಳಿತೆ. ಆಗ ಇನ್ನೊಂದು ಕಚ್ಚಿತು. ಅದನ್ನು ಅಲ್ಲೇ ಹೊಸಕಿ ಹಾಕಿದೆ. ನರ ಸರಿಯಾಗಿದೆ ಎಂದು ಒಮ್ಮೆ ಹೇಳಿದರೆ ಸಾಕಲ್ಲವೇ?