ಛಾವಣಿ ಏರಿದ ದೋಸೆಕಾವಲಿ

ಶಾಮಸುಂದರರನ್ನು ನಾನು ಮೊದಲು ಕಂಡ ದಿನ ಅವರು ಗಲ್ಫಿನ ಅಲ್ ಕುಸೈಸಿನ ಬಯಲೊಂದರಲ್ಲಿ, ಒಲೆ-ಹಾಸಿಗೆಗಳಿದ್ದ ತಮ್ಮ ಹಳೆಯ ಮೋಟಾರ್‌ಹೋಮಿನ ನೆತ್ತಿಯ ಮೇಲೆ ಕುಳಿತು, ದೋಸೆಕಾವಲಿಯನ್ನು ಛಾವಣಿಗೆ ಅಂಟಿಸುತ್ತಿದ್ದರು. ಅದು ೨೦೧೪ರ ಚಳಿಗಾಲ. ಮಗಳ ಮನೆಗೆ ಬಂದಿದ್ದ ನಿವೃತ್ತ ಮೇಷ್ಟ್ರು ನಾನು.

"ರೇಡಿಯೊ ಅಂಟೆನಾ ಸಾರ್! ಇದೇನು ಮಹಾವಿದ್ಯೆ! ಅರ್ಧ ಗಂಟೆ, ಖಲಾಸ್!" ಎಂದು ಮೇಲಿನಿಂದಲೇ ಘೋಷಿಸಿದರು.

ಆ ಅರ್ಧ ಗಂಟೆ ಆಗಲೇ ಮೂರು ದಿನ ನುಂಗಿತ್ತು. ಅಂಟೆನಾದ ಬುಡ ಅಯಸ್ಕಾಂತದ್ದು, ಛಾವಣಿ ಫೈಬರಿನದು. ಎರಡಕ್ಕೂ ಎಣ್ಣೆ ಸೀಗೆಕಾಯಿ! "ಅಂಟೆನಾದ ಬುಡಕ್ಕೆ ಅಗಲದ ಕಬ್ಬಿಣ ಬೇಕು ಮಾರಾಯ್ರೆ" ಎಂದಿದ್ದ ಅಬುಧಾಬಿಯ ಗೆಳೆಯ ಆಗಸ್ಟಿನ್. ಮನೆಯಲ್ಲಿದ್ದ ಅಗಲದ ಕಬ್ಬಿಣವೆಂದರೆ ಹೆಂಡತಿ ಚಾಮುಂಡೇಶ್ವರಿ ಮೈಸೂರಿನಿಂದ ತಂದ ಕಾವಲಿಯೊಂದೇ.

ಆಗಸ್ಟಿನ್ ಮೊದಲು ಹನ್ನೊಂದು ವರ್ಷ ಅವರ ಪಕ್ಕದ ಬಾಲ್ಕನಿಯವನು. "ಊಟ ಆಯ್ತಾ?" ಎಂದು ಶುರುವಾದ ಮಾತು ಮುಗಿಯುತ್ತಲೇ ಇರಲಿಲ್ಲ. ಅವನು ಅಬುಧಾಬಿಯ ಮೊಹಮ್ಮದ್ ಬಿನ್ ಜಾಯೆದ್ ಸಿಟಿಗೆ ಮನೆ ಬದಲಿಸಿದ ಮೇಲೆ ಫೋನು ಉಳಿಯಿತು. ಫೋನಿನಲ್ಲಿ ಎರಡೇ ನಿಮಿಷಕ್ಕೆ "ಮತ್ತೇನು?" ಬಂದುಬಿಡುತ್ತದೆ. ಈಗ ಅವನು ಕೆಲಸ ಮುಗಿಸಿ ಕಾರ್ಕಳಕ್ಕೇ ಹೊರಟಿದ್ದ. ಕೊನೆಯದೊಂದು ಮರಳುಗಾಡಿನ ಪ್ರಯಾಣ. ಎರಡು ಗಾಡಿ, ಎರಡು ರೇಡಿಯೊ. ಚಕ್ರದ ಮೇಲೊಂದು ಬಾಲ್ಕನಿ!

ಮುಂದಿನದು ಆಮೇಲೆ ಅವರೇ ನನಗೆ ಹೇಳಿದ್ದು. ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಮುಂದೆ ಹೊರಟಿದ್ದ ಆಗಸ್ಟಿನ್‌ನ ಜೀಪಿನಿಂದ ಆಕಾಶವಾಣಿ ಮೊಳಗಿತು: "ಶಾಮಣ್ಣಾ, ಊಟ ಆಯ್ತಾ?"

ಕಾವಲಿ ಗೆದ್ದಿತ್ತು! ಉತ್ತರ ಕೊಟ್ಟ ಶಾಮಸುಂದರರು ಹಿಗ್ಗಿನಲ್ಲಿ ಮೈಕನ್ನು ತೊಡೆಯಡಿಗೆ ಸೇರಿಸಿ ಕುಳಿತರು.

ಹಿಂದಿನ ಸೀಟಿನಲ್ಲಿ ಚಾಮುಂಡೇಶ್ವರಿ ಬುಟ್ಟಿ ಬಿಚ್ಚಿದರು. ಹಿಟ್ಟು ಇತ್ತು, ಚಟ್ನಿ ಇತ್ತು.

"ರೀ, ಕಾವಲಿ ಎಲ್ಲಿ? ಆಗಸ್ಟಿನ್ ಬಾಯ್ಬಿಟ್ಟು ಕೇಳಿದ್ದು ನನ್ನ ಕೈ ದೋಸೆ ಒಂದೇ!"

"ಜೊತೆಗೇ ಇದೆ ಕಣೆ."

"ಜೊತೆಗೆ ಅಂದ್ರೆ?"

"ನಮ್ಮ ತಲೆ ಮೇಲೆ."

ಮಹಾಯುದ್ಧ ಶುರುವಾಯಿತು. "ನಮ್ಮಮ್ಮ ಪಳಗಿಸಿಕೊಟ್ಟ ಕಾವಲಿ! ಗೆಳೆಯನಿಗೆ 'ಹೋಗಬೇಡ' ಅನ್ನೋಕೆ ಬಾಯಿ ಬರ್ಲಿಲ್ಲ, ನನ್ನ ಕಾವಲಿಗೆ ಗೋಂದು ಮೆತ್ತೋಕೆ ಕೈ ಬಂತಲ್ಲ!"

"ಹೇಗೇ ಹೇಳ್ಲಿ? ಅವನಿಗೆ ಊರು ಸೇರೋ ಖುಷಿ. ಅವನು ಹೋದ್ಮೇಲೆ ನಾನ್ಯಾರ ಹತ್ರ ಮಾತಾಡ್ಲಿ, ಹೇಳು!"

ಮುಂದಿನ ಜೀಪು ಬದಿಗೆ ಸರಿದು ನಿಂತಿತು. ಇವರೂ ನಿಲ್ಲಿಸಿದರು. ಆಗಸ್ಟಿನ್ ಬಂದು ಕಿಟಕಿ ತಟ್ಟಿದ. ಅವನ ಕಣ್ಣು ಕೆಂಪಾಗಿತ್ತು.

"ಶಾಮಣ್ಣ, ಮೈಕಿನ ಮೇಲಿಂದ ಸ್ವಲ್ಪ ಏಳಿ. ಗುಂಡಿ ಒತ್ತಿಯೇ ಉಂಟು. ಎಲ್ಲ ಕೇಳಿತು."

ಶಾಮಸುಂದರರು ಎದ್ದು ಮೈಕನ್ನು ಎಳೆದು ತೆಗೆದರು. ಆಗಸ್ಟಿನ್ ಅಂದ: "ಹನ್ನೊಂದು ವರ್ಷ ಬಾಲ್ಕನಿಯಲ್ಲಿ ಹೇಳದ್ದನ್ನು ಇವತ್ತು ಹೇಳಿದ್ರಿ ಮಾರಾಯ್ರೆ. ಅಕ್ಕಾ, ಕಾವಲಿ ಕೀಳುವುದು ಬೇಡ. ಆ ಹಿಟ್ಟನ್ನೇ ಲೋಟಕ್ಕೆ ಹೊಯ್ದು ಇಡ್ಲಿ ಬೇಯಿಸುವ."

ಆಗಸ್ಟಿನ್ ಈಗ ಕಾರ್ಕಳದಲ್ಲಿದ್ದಾನೆ. ಶಾಮಸುಂದರರು ಇಂದಿಗೂ ವಾರಕ್ಕೊಮ್ಮೆ ಏಣಿ ಹತ್ತುತ್ತಾರೆ. ತುಕ್ಕು ಹಿಡಿಯದಂತೆ ಅರ್ಧ ಈರುಳ್ಳಿಯಿಂದ ಕಾವಲಿಗೆ ಎಣ್ಣೆ ತಿಕ್ಕಿ, ಅಂಟೆನಾದ ಧೂಳು ಒರೆಸಿ, ಕೆಳಗಿಳಿದು ಮೈಕ್ ಹಿಡಿಯುತ್ತಾರೆ: "ಆಗಸ್ಟಿನ್, ಊಟ ಆಯ್ತಾ?"

ಆ ರೇಡಿಯೊ ಕಡಲು ದಾಟುವುದಿಲ್ಲವೆಂದು ಅವರಿಗೆ ಗೊತ್ತು. ಆದರೂ ಗುಂಡಿ ಬಿಟ್ಟು ಕಿವಿಗೊಟ್ಟು ಕಾಯುತ್ತಾರೆ. ಬರೀ ಗೊರಗೊರ.

ಉತ್ತರ ಹಿಂದಿನ ಸೀಟಿನಿಂದ ಬರುತ್ತದೆ: "ಇನ್ನೂ ಇಲ್ಲ! ನನ್ನ ಕಾವಲಿ ಇಳಿಸಿಕೊಡಿ, ಆಗುತ್ತೆ!"